ರಾತ್ರಿ ಒಂದೂವರೆಯ ಯೆಜ್ಡಿ

"ನಿನ್ನ ಗಾಡಿ ಇರೋವರೆಗೂ ನಮ್ಮ ಮನೆಗೆ ಗಡಿಯಾರ ಬೇಡಪ್ಪ."

ಪಕ್ಕದ ಮನೆ ಮೇಷ್ಟ್ರು ಹೀಗಂದಾಗ ನಾನು ಹೊಗಳಿಕೆ ಅಂದ್ಕೊಂಡು ಹಲ್ಲು ಕಿರಿದೆ. ಭಾನುವಾರ ಬೆಳಿಗ್ಗೆ. ಅವರು ಹಾಲಿನ ಪ್ಯಾಕೆಟ್ ಹಿಡ್ಕೊಂಡು ಗೇಟಿನ ಹತ್ತಿರ ನಿಂತಿದ್ರು. ನಾನು ಅಪ್ಪನ ಯೆಜ್ಡಿಯನ್ನು ಹಳೇ ಬನಿಯನ್ನಿನಲ್ಲಿ ಒರೆಸ್ತಾ ಕೂತಿದ್ದೆ. "ಕರೆಕ್ಟಾಗಿ ಒಂದೂವರೆಗೆ ಬರ್ತೀಯ. ಒಂದು ಮೂವತ್ತೈದಕ್ಕೆ ನಮ್ಮ ಮೊಮ್ಮಗಳು ಏಳ್ತಾಳೆ. ಮತ್ತೆ ಮಲಗೋದು ಮೂರಕ್ಕೆ" ಅಂದ್ರು. ಅಷ್ಟೇ ಹೇಳಿ ಒಳಗೆ ಹೋದರು. ಬೈಗುಳ ಇಲ್ಲ, ಏರಿದ ದನಿ ಇಲ್ಲ. ನನ್ನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು.

ಮೇಷ್ಟ್ರ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದಾಳೆ ಅಂತ ನನಗೆ ಗೊತ್ತಿತ್ತು. ಮಗುವಿಗೆ ಎರಡು ತಿಂಗಳು ಅಂತಲೂ ಗೊತ್ತಿತ್ತು, ನಾಮಕರಣದ ಬಿರಿಯಾನಿ ನಮ್ಮ ಮನೆಗೂ ಬಂದಿತ್ತು. ಆ ಮಗು ಮಲಗೋ ಕೋಣೆಗೂ ನಾನು ಗಾಡಿ ನಿಲ್ಲಿಸೋ ಜಾಗಕ್ಕೂ ನಡುವೆ ಇರೋದು ಒಂದೇ ಒಂದು ಗೋಡೆ ಅನ್ನೋದು ಮಾತ್ರ ಅಲ್ಲಿಯವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ.

ಮೈಸೂರಿನ ರಾಜೀವನಗರ ನೋಡಿದವರಿಗೆ ಇದು ಅರ್ಥ ಆಗುತ್ತೆ. ಪ್ರವಾಸಿಗರು ಬರೋ ಕಡೆ ಅಲ್ಲ ಇದು. ಅರಮನೆ, ಚಾಮುಂಡಿ ಬೆಟ್ಟ ಮುಗಿಸಿಕೊಂಡು ಹೋಗುವವರಿಗೆ ನಗರದ ಈಶಾನ್ಯಕ್ಕೆ, ಉದಯಗಿರಿ ದಾಟಿದ ಮೇಲೆ, ರಿಂಗ್ ರೋಡಿನ ಒಳಮಗ್ಗುಲಲ್ಲಿ ಇಷ್ಟು ದೊಡ್ಡ ಬಡಾವಣೆ ಇದೆ ಅಂತ ತಿಳಿಯೋದೇ ಇಲ್ಲ. ಮನೆಗಳು ಒಂದಕ್ಕೊಂದು ಹೆಗಲು ಕೊಟ್ಟು ನಿಂತಿವೆ. ಕಾಂಪೌಂಡ್ ಅಂತ ಒಂದು ಇದ್ದರೆ ಅದು ಎರಡೂ ಮನೆಗೆ ಸೇರಿದ್ದು. ನಮ್ಮನೆ ಒಗ್ಗರಣೆಗೆ ಪಕ್ಕದ ಮನೆಯವರು ಸೀನುತ್ತಾರೆ, ಅವರ ಮನೆ ಕುಕ್ಕರ್ ಎಷ್ಟು ಸಲ ಕೂಗಿತು ಅಂತ ನಮ್ಮಮ್ಮ ಲೆಕ್ಕ ಇಡುತ್ತಾಳೆ.

ಸದ್ದಿಲ್ಲದ ಬಡಾವಣೆಯೂ ಅಲ್ಲ ಇದು. ಬೆಳಗಿನ ಜಾವ ಆಜಾನ್, ಅದರ ಹಿಂದೆಯೇ ಹಾಲಿನವರ ಟಿವಿಎಸ್. ಎಂಟು ಗಂಟೆಗೆ ಶಾಲೆಯ ಆಟೋಗಳು. ಆಮೇಲೆ ವೆಲ್ಡಿಂಗ್ ಅಂಗಡಿ, ಕಟ್ಟಿಗೆ ಕೊಯ್ಯೋ ಯಂತ್ರ, ತಳ್ಳುಗಾಡಿಯವರ ರೆಕಾರ್ಡ್ ಮಾಡಿದ ಕೂಗು. ಮಧ್ಯಾಹ್ನ ಕೆಲವು ಮನೆಗಳ ಮುಂದೆ ಹಾದು ಹೋದರೆ ಬೀಡಿ ಎಲೆ ಕತ್ತರಿಸೋ ಕತ್ತರಿಯ ಸಣ್ಣ ಸದ್ದು ಕೇಳುತ್ತೆ. ರಂಜಾನ್ ತಿಂಗಳಲ್ಲಂತೂ ರಾತ್ರಿ ಎರಡಕ್ಕೂ ಬೀದಿ ಎಚ್ಚರ ಇರುತ್ತೆ. ಆಗ ನನ್ನ ಯೆಜ್ಡಿ ಬಂದರೆ ಯಾರೂ ತಿರುಗಿ ನೋಡಲ್ಲ, "ಬಾ, ಚಾ ಕುಡಿ" ಅಂತ ಕರೀತಾರೆ. ಹಾಗಾಗಿ ನನ್ನ ಗಾಡಿಯ ಸದ್ದು ಯಾರಿಗೂ ತೊಂದರೆ ಅಲ್ಲ ಅನ್ನೋ ಭ್ರಮೆಯಲ್ಲೇ ಇದ್ದೆ. ಹೋದ ದೀಪಾವಳಿಯ ನಂತರ ನನ್ನ ಕೆಲಸದ ಪಾಳಿ ಬದಲಾಯ್ತು. ಮಧ್ಯಾಹ್ನ ನಾಲ್ಕಕ್ಕೆ ಹೋಗಿ ರಾತ್ರಿ ಒಂದಕ್ಕೆ ಹೊರಡೋದು. ಹೆಬ್ಬಾಳದ ಕಡೆಯಿಂದ ರಿಂಗ್ ರೋಡ್ ಹಿಡಿದು, ಬೆಂಗಳೂರು ರಸ್ತೆಯ ಜಂಕ್ಷನ್ ದಾಟಿ, ಲಾರಿಗಳ ಜೊತೆ ಬಂದು ನಮ್ಮ ಬೀದಿಗೆ ತಿರುಗಿದರೆ ಎಲ್ಲ ಮನೆಯ ದೀಪವೂ ಆರಿರುತ್ತಿತ್ತು. ಹಗಲಿಗೆ ನೂರು ಸದ್ದಿನಲ್ಲಿ ಒಂದಾಗಿದ್ದ ಗಾಡಿ, ಆ ಹೊತ್ತಿಗೆ ಇಡೀ ಬೀದಿಗೆ ಒಂದೇ ಸದ್ದು.

ಈಗ ತಪ್ಪೊಪ್ಪಿಗೆ. ಆ ಸದ್ದು ಗಾಡಿ ಮಾಡಿದ್ದಲ್ಲ, ನಾನು ಮಾಡಿದ್ದು.

ಯೆಜ್ಡಿ ಅಂದ್ರೆ ಮೈಸೂರಿನವರಿಗೆ ಬೇರೆ ಪರಿಚಯ ಬೇಡ. ಚೆಕೊಸ್ಲೊವಾಕಿಯಾದ ಜಾವಾ ಬೈಕನ್ನು ಇಲ್ಲಿ ತಯಾರಿಸೋಕೆ ರುಸ್ತುಂ ಇರಾನಿ, ಫರೂಕ್ ಇರಾನಿ ಸೇರಿ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಕಟ್ಟಿದರು. 1961ರಲ್ಲಿ ಅದನ್ನು ಉದ್ಘಾಟಿಸಿದ್ದು ಜಯಚಾಮರಾಜೇಂದ್ರ ಒಡೆಯರ್. 1973ರಿಂದ ಅದೇ ಕಾರ್ಖಾನೆಯ ಬೈಕುಗಳು ಯೆಜ್ಡಿ ಅನ್ನೋ ಹೆಸರಲ್ಲಿ ಬಂದವು. ಇರಾನಿನ ಯಜ್ದ್ ಊರಿನ ನೆನಪಿಗೆ ಇಟ್ಟ ಹೆಸರು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಗಾಡಿಗಳು ಮಾತ್ರ ಇನ್ನೂ ನಮ್ಮೂರಿನ ಬೀದಿಗಳಲ್ಲಿವೆ. ಪ್ರತಿ ವರ್ಷ ಜುಲೈ ಎರಡನೇ ಭಾನುವಾರ ಜಾವಾ–ಯೆಜ್ಡಿ ದಿನ ಅಂತ ಎಲ್ಲ ಒಟ್ಟಿಗೆ ಹೊರಡ್ತಾವೆ.

ನಮ್ಮಪ್ಪನದು 1984ರ ಯೆಜ್ಡಿ 250. ಇಂಜಿನ್‌ಗೆ ಒಂದೇ ಸಿಲಿಂಡರ್, ಆದರೆ ಸೈಲೆನ್ಸರ್ ಎರಡು, ಎಡಕ್ಕೊಂದು ಬಲಕ್ಕೊಂದು. ಅಪ್ಪ ಮೇಟಗಳ್ಳಿ ಕಡೆ ಒಂದು ಕಾರ್ಖಾನೆಯಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ಇದರಲ್ಲೇ ಮನೆಗೆ ಬರ್ತಿದ್ದರು. ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ, ಅಪ್ಪ ಊರಿಗೆ ಹೋಗಿದ್ದ ಒಂದು ದಿನ, ಗೆಳೆಯನ ಜೊತೆ ಸೇರಿ ಎರಡೂ ಸೈಲೆನ್ಸರ್‌ನ ಬಾಲ ಬಿಚ್ಚಿ ಒಳಗಿದ್ದ ಬ್ಯಾಫಲ್ ಎಳೆದು ಹಾಕಿದೆ. ಕಾಲೇಜಿನ ಗೇಟಲ್ಲಿ ಎಲ್ಲರೂ ತಿರುಗಿ ನೋಡಬೇಕು, ಅಷ್ಟೇ ಆಸೆ. ಅಪ್ಪ ವಾಪಸ್ ಬಂದು ಕಿಕ್ ಹೊಡೆದವರು ತಕ್ಷಣ ಆಫ್ ಮಾಡಿದರು. "ಗಾಡಿ ಗಂಟಲು ಕಿತ್ತಿದೀಯ" ಅಂದರು. ಆಮೇಲೆ ಅವರಿಗೆ ಮಂಡಿನೋವು ಶುರುವಾಗಿ ಗಾಡಿ ನನ್ನ ಕೈಗೇ ಬಂತು. ಬ್ಯಾಫಲ್ ವಾಪಸ್ ಹಾಕ್ತೀನಿ ಅಂತ ಹೇಳಿದ್ದೆ, ಹಾಕಲಿಲ್ಲ. ಅಪ್ಪ ಹೋಗಿ ಈಗ ನಾಲ್ಕು ವರ್ಷ.

ಬ್ಯಾಫಲ್ ಏನು ಕೆಲಸ ಮಾಡುತ್ತೆ ಅಂತ ಸರಳವಾಗಿ ಹೇಳ್ತೀನಿ. ಕುಕ್ಕರ್‌ನ ವಿಷಲ್ ಅನ್ನು ಒಮ್ಮೆಗೇ ಎತ್ತಿದರೆ ಹಬೆ ಭುಸ್ ಅಂತ ನುಗ್ಗುತ್ತೆ. ಸ್ವಲ್ಪ ಸ್ವಲ್ಪವೇ ಎತ್ತಿದರೆ ಅದೇ ಹಬೆ ಮೆತ್ತಗೆ ಹೊರಡುತ್ತೆ. ಇಂಜಿನ್ ಒಳಗೆ ಪೆಟ್ರೋಲ್ ಉರಿದಾಗ ಬಿಸಿ ಅನಿಲ ಜೋರು ಒತ್ತಡದಲ್ಲಿ ಹೊರಗೆ ಹಾರುತ್ತೆ. ಟೂ ಸ್ಟ್ರೋಕ್ ಇಂಜಿನ್‌ನಲ್ಲಿ ಪ್ರತಿ ಸುತ್ತಿಗೂ ಒಂದು ಸ್ಫೋಟ. ನಿಮಿಷಕ್ಕೆ 3000 ಸುತ್ತು ತಿರುಗಿದರೆ ಸೆಕೆಂಡಿಗೆ 50 ಪೆಟ್ಟು. ಅದೇ ಒಂದು ಸಿಲಿಂಡರ್‌ನ ಫೋರ್ ಸ್ಟ್ರೋಕ್ ಗಾಡಿಯಾದರೆ 25. ಈ ಪೆಟ್ಟುಗಳು ನೇರ ಬೀದಿಗೆ ಬೀಳದ ಹಾಗೆ ಸೈಲೆನ್ಸರ್ ಅವನ್ನು ಮೊದಲು ಅಗಲವಾದ ಕೊಳವೆಯೊಳಗೆ ಹರಡಲು ಬಿಡುತ್ತೆ, ಆಮೇಲೆ ಬ್ಯಾಫಲ್‌ನ ತಟ್ಟೆ, ತೂತುಗಳ ಮೂಲಕ ಸುತ್ತಿ ಬಳಸಿ ಕಳಿಸುತ್ತೆ. ಸದ್ದಿನ ಅಲೆಗಳು ಒಳಗೇ ಗೋಡೆಗೆ ಬಡಿದು ಒಂದನ್ನೊಂದು ಸ್ವಲ್ಪ ಮಟ್ಟಿಗೆ ತಿಂದುಹಾಕ್ತಾವೆ. ನಾನು ಬ್ಯಾಫಲ್ ತೆಗೆದಿದ್ದು ಅಂದ್ರೆ ಆ ಸೆಕೆಂಡಿಗೆ 50 ಪೆಟ್ಟನ್ನು ನೇರ ಮಗುವಿನ ಗೋಡೆಗೆ ಹೊಡೆದ ಹಾಗೆ.

ಈ ಸೈಲೆನ್ಸರ್ ವಿಷಯದಲ್ಲಿ ಒಂದು ಅಪ್ಪ–ಮಗನ ಕತೆ ಇದೆ. ಮ್ಯಾಕ್ಸಿಮ್ ಮೆಷಿನ್ ಗನ್ ಮಾಡಿದ ಹೈರಮ್ ಮ್ಯಾಕ್ಸಿಮ್‌ಗೆ ಬಂದೂಕಿನ ಸದ್ದು ಕೇಳೀ ಕೇಳೀ ಕಿವಿಯೇ ಹೋಯ್ತು. ಅವನ ಮಗ ಹೈರಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಬಂದೂಕಿಗೆ ಸೈಲೆನ್ಸರ್ ಪೇಟೆಂಟ್ ಪಡೆದ, ಅದೇ ತತ್ವದ ಮೇಲೆ ಮೋಟಾರು ಇಂಜಿನ್‌ಗಳ ಸದ್ದು ತಗ್ಗಿಸುವ ಕೆಲಸವನ್ನೂ ಮಾಡಿದ. ಅಪ್ಪ ಎಬ್ಬಿಸಿದ ಸದ್ದಿಗೆ ಮಗ ಮುಚ್ಚಳ ಹಾಕಿದ. ನಮ್ಮ ಮನೆಯಲ್ಲಿ ಉಲ್ಟಾ, ಅಪ್ಪ ಜೋಪಾನ ಮಾಡಿದ್ದ ಮುಚ್ಚಳ ಮಗ ಕಿತ್ತು ಎಸೆದಿದ್ದ.

ಮೇಷ್ಟ್ರು ಹೇಳಿದ ದಿನವೇ ಒಂದು ನಿರ್ಧಾರ ಮಾಡಿದೆ. ರಾತ್ರಿ ಬೀದಿ ಮೂಲೆಯಲ್ಲೇ ಇಂಜಿನ್ ಆಫ್ ಮಾಡಿ ಮನೆವರೆಗೂ ತಳ್ಳಿಕೊಂಡು ಬರೋದು. ಮೂಲೆಯಿಂದ ನಮ್ಮ ಗೇಟಿಗೆ ಸುಮಾರು ಅರವತ್ತು ಹೆಜ್ಜೆ. ಹಗುರ ಗಾಡಿ ಅಲ್ಲ ಇದು, ಚಳಿಯಲ್ಲೂ ಬೆವರು ಬಂತು. ಆದರೆ ಮೂಲೆಯವರೆಗಿನ ಸದ್ದೂ ಕಡಿಮೆ ಏನಲ್ಲ. ಚಳಿಗಾಲದ ರಾತ್ರಿ ನೆಲದ ಹತ್ತಿರದ ಗಾಳಿ ತಣ್ಣಗಿದ್ದು ಮೇಲಿನ ಗಾಳಿ ಬೆಚ್ಚಗಿದ್ದರೆ ಸದ್ದು ಆಕಾಶಕ್ಕೆ ಹೋಗದೆ ಕೆಳಕ್ಕೇ ಬಾಗುತ್ತೆ, ದೂರ ಕೇಳುತ್ತೆ. ಬಯಲಲ್ಲಾದರೆ ದೂರ ಎರಡು ಪಟ್ಟಾದ ಹಾಗೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯಬೇಕು, ಎರಡೂ ಕಡೆ ಗೋಡೆ ಇರೋ ನಮ್ಮಂಥ ಬೀದಿಯಲ್ಲಿ ಅಷ್ಟು ಇಳಿಯೋದೂ ಇಲ್ಲ. ಗಾಡಿಯನ್ನೇ ಸರಿ ಮಾಡದೆ ಬೇರೆ ದಾರಿ ಇರಲಿಲ್ಲ.

ಮೊದಲು ಮಾಡಿದ್ದು ದಡ್ಡತನದ ಕೆಲಸ. ವಿಡಿಯೋ ನೋಡಿ ಪಾತ್ರೆ ಉಜ್ಜೋ ಸ್ಟೀಲ್ ನಾರು ನಾಲ್ಕು ತಂದು ಸೈಲೆನ್ಸರ್ ಬಾಯಿಗೆ ತುರುಕಿದೆ. ಸದ್ದೇನೋ ಇಳಿಯಿತು. ಮೂರನೇ ದಿನ ರಿಂಗ್ ರೋಡಿನ ಏರಲ್ಲಿ ಗಾಡಿ ಉಸಿರು ಕಟ್ಟಿದ ಹಾಗೆ ಎಳೆಯೋಕೆ ಶುರು ಮಾಡ್ತು, ಇಂಜಿನ್ ಕಾಲಿಗೆ ತಾಗೋಷ್ಟು ಕಾವು. ಮನೆಗೆ ಬಂದು ತೆಗೆದು ನೋಡಿದರೆ ನಾರು ಕಪ್ಪು ಎಣ್ಣೆಯಲ್ಲಿ ಮಿಂದು ಉಂಡೆಯಾಗಿತ್ತು. ಟೂ ಸ್ಟ್ರೋಕ್ ಗಾಡಿಗೆ ಪೆಟ್ರೋಲಿನ ಜೊತೆಯೇ ಎಣ್ಣೆ ಬೆರೆಸ್ತೀವಲ್ಲ, ಉರಿಯದೆ ಉಳಿದ ಎಣ್ಣೆಯೆಲ್ಲ ಸೈಲೆನ್ಸರ್‌ಗೇ ಬರುತ್ತೆ. ಅಲ್ಲಿ ಏನು ತುರುಕಿದರೂ ಅದು ಎಣ್ಣೆ ಕುಡಿದು ದಾರಿ ಮುಚ್ಚುತ್ತೆ. ಹೊಗೆ ಹೊರಗೆ ಹೋಗದಿದ್ದರೆ ಹೊಸ ಗಾಳಿ ಒಳಗೆ ಬರಲ್ಲ. ಅಮ್ಮ ಮಾತ್ರ ಮೂರು ದಿನ ಅಡುಗೆಮನೆಯಲ್ಲಿ ನಾರು ಹುಡುಕಿದಳು. ತಂದಿದ್ದು ನಾಲ್ಕಲ್ಲ, ಐದನೆಯದು ಸಿಂಕಿನ ಪಕ್ಕದ್ದು ಅಂತ ಆಮೇಲೆ ಒಪ್ಪಿಕೊಂಡೆ.

ಮುಖ್ಯರಸ್ತೆಯಲ್ಲಿ ಒಬ್ಬರು ಹಳೇ ಮೆಕ್ಯಾನಿಕ್ ಇದ್ದಾರೆ. ಎಲ್ಲರೂ ಭಾಯ್ ಅಂತಲೇ ಕರೆಯೋದು. ಅಂಗಡಿ ಅಂದ್ರೆ ಒಂದು ಶಟರ್, ಅದರ ಮುಂದೆ ಎಣ್ಣೆ ಕುಡಿದು ಕಪ್ಪಾದ ನೆಲ. ನಾನು ಬಂದ ಕಾರಣ ಹೇಳಿದಾಗ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟರು.

"ಎಲ್ಲ ಹುಡುಗರೂ ಸೌಂಡ್ ಜಾಸ್ತಿ ಮಾಡಿ ಅಂತ ಬರ್ತಾರೆ. ಕಮ್ಮಿ ಮಾಡಿ ಅಂತ ಬಂದಿರೋದು ನೀವೇ ಫಸ್ಟು. ಮದುವೆ ಆಯ್ತಾ?"

ಇಲ್ಲ ಭಾಯ್, ಪಕ್ಕದ ಮನೇಲಿ ಮಗು ಇದೆ ಅಂದೆ. ನಕ್ಕು, ಗಾಡಿ ಸ್ಟಾರ್ಟ್ ಮಾಡಿಸಿದರು. ಕಣ್ಣು ಮುಚ್ಚಿ ಕೇಳಿದರು. "ಇದರಲ್ಲಿ ಮೂರು ಸದ್ದು ಇದೆ. ನಿಮಗೆ ಒಂದೇ ಕೇಳ್ತಿದೆ" ಅಂದ್ರು.

ಮೊದಲನೆಯದು ಸೋರಿಕೆ. ಸಿಲಿಂಡರಿನಿಂದ ಸೈಲೆನ್ಸರ್ ಬೆಂಡ್ ಹೊರಡೋ ಜಾಗದಲ್ಲಿ ಕಪ್ಪು ಎಣ್ಣೆಯ ಗೆರೆ ಇಳಿದಿತ್ತು. ಎಲ್ಲಿ ಆ ಗೆರೆ ಇದೆಯೋ ಅಲ್ಲಿ ಅನಿಲ ಸೋರ್ತಿದೆ ಅಂತ ಅರ್ಥ. ಪಟ್ ಪಟ್ ಅನ್ನೋ ಒಡಕು ಸದ್ದು ಅಲ್ಲಿಂದಲೇ. ವಾಷರ್ ಬದಲಾಯಿಸಿ, ನಟ್ ಸರಿಯಾಗಿ ಬಿಗಿ ಮಾಡಿದರೆ ಮುಗೀತು. ಎರಡನೆಯದು ಅಲುಗಾಟ. ಸೈಲೆನ್ಸರ್ ಹಿಡಿದ ಕ್ಲಾಂಪ್ ಸಡಿಲ, ಚೈನ್ ಜೋಲು ಬಿದ್ದಿತ್ತು, ಹಿಂದಿನ ಮಡ್‌ಗಾರ್ಡ್‌ನ ಒಂದು ಬೋಲ್ಟ್ ಇರಲೇ ಇಲ್ಲ. ಮೂರನೆಯದು ಬ್ಯಾಫಲ್. "ಅದು ಎಲ್ಲಿ ಎಸೆದಿದೀರೋ ಹುಡುಕ್ಕೊಂಡು ಬನ್ನಿ. ಬೇರೇದು ಹಾಕಬಹುದು, ಆದ್ರೆ ಇದರದ್ದೇ ಇದ್ರೆ ಅದರ ಮಾತೇ ಬೇರೆ."

ಅಟ್ಟ ಹತ್ತಿದೆ. ಹಳೇ ಪೇಪರ್, ನನ್ನ ಡ್ರಾಯಿಂಗ್ ಬೋರ್ಡ್, ಮುರಿದ ತೊಟ್ಟಿಲು, ಅದರ ಕೆಳಗೆ ಗೋಣಿಚೀಲದಲ್ಲಿ ಅಪ್ಪನ ಸ್ಪ್ಯಾನರ್‌ಗಳು. ಚೀಲದ ತಳದಲ್ಲಿ ಪ್ಲಾಸ್ಟಿಕ್ ಸುತ್ತಿ ದಾರ ಕಟ್ಟಿದ ಒಂದು ಗಂಟು. ಬಿಚ್ಚಿದರೆ ಬ್ಯಾಫಲ್. ಒಂದೇ ಒಂದು. ನಾನು ಎರಡನ್ನೂ ಹಿತ್ತಲಿಗೆ ಎಸೆದಿದ್ದೆ, ಚೆನ್ನಾಗಿ ನೆನಪಿದೆ. ಅಪ್ಪ ಹುಡುಕಿ, ಸಿಕ್ಕಿದ ಒಂದನ್ನು ಗ್ರೀಸ್ ಸವರಿ ಎತ್ತಿಟ್ಟಿದ್ದರು. ನನಗೆ ಹೇಳಿರಲಿಲ್ಲ. ಅಟ್ಟದ ಮೇಲೆ ಆ ಗಂಟು ಹಿಡ್ಕೊಂಡು ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ. ಕೆಳಗಿಂದ ಅಮ್ಮ "ಏನೋ, ಬಿದ್ದೆಯಾ?" ಅಂತ ಕೂಗಿದಳು.

ಇನ್ನೊಂದಕ್ಕೆ ಎರಡು ಶನಿವಾರ ಅಲೆದೆ. ಊರೊಳಗಿನ ಹಳೇ ಬಿಡಿಭಾಗದ ಅಂಗಡಿಗಳು, ಗುಜರಿಗಳು. ಕೊನೆಗೆ ಒಂದು ಕಡೆ ಸಿಕ್ಕಿದ್ದು ಕಾಲು ಇಂಚು ಉದ್ದ ಹೆಚ್ಚಿತ್ತು. ಭಾಯ್ ಅದನ್ನು ಲೇತ್ ಅಂಗಡಿಗೆ ಕಳಿಸಿ ಅಪ್ಪನ ಬ್ಯಾಫಲ್ ಅಳತೆಗೆ ತರಿಸಿದರು. ಎರಡೂ ಕಡೆ ಒಂದೇ ಥರ ಉಸಿರಾಡಬೇಕು ಅನ್ನೋದು ಅವರ ಹಟ. ಆಮೇಲೆ ಇಂಗಾಲ ತೆಗೆಯೋ ಕೆಲಸ. ಬ್ಯಾಫಲ್‌ಗಳನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ ತಟ್ಟಿದರೆ ಕಪ್ಪು ಹೊಪ್ಪಳ ಉದುರುತ್ತೆ. ಸೈಲೆನ್ಸರ್ ಕೊಳವೆಗೆ ಕಾಸ್ಟಿಕ್ ಸೋಡಾ ನೀರು ಹಾಕಿ ರಾತ್ರಿಯಿಡೀ ಬಿಟ್ಟರು. (ಮನೆಯಲ್ಲಿ ಮಾಡೋದಾದರೆ ಗ್ಲೌಸ್, ಕನ್ನಡಕ ಬೇಕೇ ಬೇಕು. ಅಲ್ಯೂಮಿನಿಯಂ ಭಾಗಕ್ಕೆ ಅದು ತಾಗಲೇಬಾರದು, ಲೋಹವನ್ನೇ ತಿನ್ನುತ್ತೆ.) ಎಲ್ಲ ಮುಗಿಸಿ ಜೋಡಿಸಿ ಕಿಕ್ ಹೊಡೆದಾಗ ನನಗೆ ಒಂದು ಕ್ಷಣ ಗಾಡಿ ಸ್ಟಾರ್ಟ್ ಆಯ್ತಾ ಅಂತಲೇ ಅನುಮಾನ. ಡುಗು ಡುಗು ಡುಗು. ಹತ್ತು ವರ್ಷದ ಹಿಂದೆ ನಾನು ನಿದ್ದೆಗಣ್ಣಲ್ಲಿ ಕೇಳ್ತಿದ್ದ ಸದ್ದು.

ವೃತ್ತಿ ದೋಷ, ನನಗೆ ಅಂಕಿ ಬೇಕು. ಬಿಚ್ಚೋ ಮೊದಲೇ ಮೊಬೈಲ್ ಆ್ಯಪ್‌ನಲ್ಲಿ ನಮ್ಮ ಕಿಟಕಿ ಹತ್ತಿರ ಸದ್ದು ಅಳೆದಿಟ್ಟಿದ್ದೆ, 86 ಡೆಸಿಬಲ್. ಅದೇ ಜಾಗ, ಅದೇ ಆಕ್ಸಿಲರೇಟರ್, ಈಗ 74. ಮೊಬೈಲ್ ಅಳತೆ ನಿಖರ ಅಲ್ಲ, ಮೊದಲು–ಆಮೇಲೆ ಹೋಲಿಸೋಕೆ ಸಾಕು. 86 ಹೋಗಿ 74 ಅಂದ್ರೆ ಏನು ಮಹಾ ಅನ್ನಿಸಬಹುದು. ಡೆಸಿಬಲ್ ಲೆಕ್ಕ ನಮ್ಮ ಸಾಮಾನ್ಯ ಲೆಕ್ಕದ ಹಾಗಲ್ಲ. 10 ಡೆಸಿಬಲ್ ಇಳಿದರೆ ಸದ್ದಿನ ಶಕ್ತಿ ಹತ್ತನೇ ಒಂದು ಭಾಗಕ್ಕೆ ಇಳಿದ ಹಾಗೆ, ಕಿವಿಗೆ ಸುಮಾರು ಅರ್ಧಕ್ಕರ್ಧ ಕಡಿಮೆ ಅನ್ನಿಸುತ್ತೆ.

ಕಾನೂನನ್ನೂ ಓದಿ ನೋಡಿದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ. ಅದು ಒಟ್ಟು ಪರಿಸರದ ಸರಾಸರಿ. ಬೈಕುಗಳಿಗೆ ಬೇರೆ ಮಿತಿ ಇದೆ. ಕಾರ್ಖಾನೆಯಿಂದ ಹೊರಬರೋ ಹೊಸ ಗಾಡಿ 80 ಸಿ.ಸಿ.ವರೆಗೆ 75, 175ರವರೆಗೆ 77, ಅದಕ್ಕಿಂತ ದೊಡ್ಡದಾದರೆ 80 ಡೆಸಿಬಲ್ ದಾಟಬಾರದು. ಕೇಂದ್ರ ಮೋಟಾರು ವಾಹನ ನಿಯಮ 120ರ ಪ್ರಕಾರ ಪ್ರತಿ ವಾಹನಕ್ಕೂ ಸದ್ದು ತಗ್ಗಿಸೋ ಸೈಲೆನ್ಸರ್ ಇರಲೇಬೇಕು. ಮಿತಿ ಮೀರಿದರೆ ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಇದೆ, 2019ರ ತಿದ್ದುಪಡಿ ನಂತರ ಅದರಲ್ಲಿ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು ಅಂತ ಬರೆದಿದೆ. ವಶಪಡಿಸಿಕೊಂಡ ಸೈಲೆನ್ಸರ್‌ಗಳನ್ನು ಪೊಲೀಸರು ಸಾಲಾಗಿ ಮಲಗಿಸಿ ರೋಡ್ ರೋಲರ್ ಹತ್ತಿಸೋ ಫೋಟೋ ನೀವೂ ಪೇಪರ್‌ನಲ್ಲಿ ನೋಡಿರ್ತೀರಿ. ಆದರೆ ನಾವು ತಪ್ಪದೆ ಮಾಡಿಸೋ ಹೊಗೆ ತಪಾಸಣೆಯಲ್ಲಿ ಸದ್ದು ಅಳೆಯೋದೇ ಇಲ್ಲ. ಬ್ಯಾಫಲ್ ಇಲ್ಲದ ನನ್ನ ಗಾಡಿ ಇಷ್ಟು ವರ್ಷ ಪ್ರತಿ ಸಲವೂ ಪಾಸ್. ಸರ್ಟಿಫಿಕೇಟ್ ನನ್ನ ಜೇಬಲ್ಲಿ, ನಿದ್ದೆಗೆಟ್ಟಿದ್ದು ಪಕ್ಕದ ಮನೆಯಲ್ಲಿ.

ಹೊಸ ಗಾಡಿ ಇರೋ ತಮ್ಮಂದಿರಿಗೆ ಒಂದು ಮಾತು. ಸದ್ದಿಗಾಗಿ ಹೊರಗಿನ ಪೈಪ್ ಹಾಕಿಸಿದ್ದರೆ, ಬಿಚ್ಚಿಟ್ಟ ಕಂಪನಿ ಸೈಲೆನ್ಸರ್ ಮನೆಯಲ್ಲಿದ್ದರೆ, ಅದನ್ನು ವಾಪಸ್ ಹಾಕೋದೇ ಅಗ್ಗದ ರಿಪೇರಿ. ಕೆಲವು ಪೈಪುಗಳ ಬಾಯಲ್ಲಿ ಡಿಬಿ ಕಿಲ್ಲರ್ ಅಂತ ಸಣ್ಣ ಕೊಳವೆ ಬರುತ್ತೆ, ಅದನ್ನು ತೆಗೆದಿದ್ದರೆ ಹಾಕಿ. 2020ರ ನಂತರದ ಬಿಎಸ್–6 ಗಾಡಿಗಳಲ್ಲಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಕೂಡ ಅದೇ ಪೈಪಿನ ದಾರಿಯಲ್ಲೇ ಇರುತ್ತೆ. ಅದನ್ನು ಕಿತ್ತರೆ ಸದ್ದಿನ ಜೊತೆ ವಿಷವೂ ಪಕ್ಕದ ಮನೆಗೇ.

ರಿಪೇರಿ ಮುಗಿದ ಮಾರನೇ ಭಾನುವಾರ ಬೆಳಿಗ್ಗೆ ಆರೂವರೆಗೆ ಗಾಡಿ ತಗೊಂಡು ಹೊರಟೆ. ಉದಯಗಿರಿ, ಫೌಂಟನ್ ಸರ್ಕಲ್, ಬನ್ನಿಮಂಟಪ, ಅಲ್ಲಿಂದ ಯಾದವಗಿರಿ. ಹುಟ್ಟಿದ ಮನೆ ತೋರಿಸಿಕೊಂಡು ಬರೋಣ ಅಂತ. ಯಾದವಗಿರಿ ನಮ್ಮ ರಾಜೀವನಗರದ ಹಾಗಲ್ಲ. ಅಗಲ ರಸ್ತೆ, ಮರ, ಮನೆಗೂ ಮನೆಗೂ ನಡುವೆ ತೋಟ. ಆರ್.ಕೆ. ನಾರಾಯಣ್ ಅವರ ಮನೆ ಇರೋದು ಇಲ್ಲೇ, ಆಕಾಶವಾಣಿ ಇರೋದೂ ಇಲ್ಲೇ. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಈ ಊರಲ್ಲಿ ಶುರು ಮಾಡಿದ ಬಾನುಲಿಯಿಂದಲೇ ಆಕಾಶವಾಣಿ ಅನ್ನೋ ಹೆಸರು ದೇಶಕ್ಕೆಲ್ಲ ಹೋಯ್ತು. ಮೈಸೂರು ಹೊರಗಿನವರಿಗೆ ಕೇಳಿಸಿದ ಎರಡು ಸದ್ದು, ಒಂದು ರೇಡಿಯೋ, ಇನ್ನೊಂದು ಜಾವಾ. ಎರಡರ ವಿಳಾಸವೂ ಯಾದವಗಿರಿ ಅಂತ ಅಂದ್ಕೊಂಡು ನಿಧಾನ ಸುತ್ತು ಹೊಡೆದೆ. ವಾಕಿಂಗ್ ಮಾಡ್ತಿದ್ದ ಹಿರಿಯರೊಬ್ಬರು ಕೈ ಅಡ್ಡ ಹಾಕಿ ನಿಲ್ಲಿಸಿದರು. ಗದರಿಸ್ತಾರೇನೋ ಅಂದ್ಕೊಂಡೆ. ಸೈಲೆನ್ಸರ್ ಹತ್ತಿರ ಬಗ್ಗಿ ಕೇಳಿದರು. "ಹೀಗೇ ಇರಬೇಕು ಕಣಯ್ಯಾ. ಈಗ ಎಲ್ಲರೂ ಇದನ್ನ ಕಿರುಚಿಸ್ತಾರೆ" ಅಂದು ನಡೆದು ಹೋದರು. ಕಾಲೇಜಿನ ಗೇಟಲ್ಲಿ ತಿರುಗಿ ನೋಡಿದ ಯಾರ ನೋಟವೂ ನನಗೆ ಅಷ್ಟು ಖುಷಿ ಕೊಟ್ಟಿರಲಿಲ್ಲ.

ಕತೆ ಇಲ್ಲಿಗೆ ಮುಗೀಬೇಕಿತ್ತು. ಸೋಮವಾರ ರಾತ್ರಿ ಮೆತ್ತಗೆ ಬಂದೆ, ಮೂಲೆಗೆ ಮೊದಲೇ, ರಿಂಗ್ ರೋಡ್ ಬಿಟ್ಟ ಕೂಡಲೇ ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡಿ ಜಾರಿಸಿಕೊಂಡು, ಆಮೇಲೆ ತಳ್ಳಿ, ಗೇಟಿನ ಕೊಂಡಿ ಬೆರಳಿಂದ ಎತ್ತಿ ಒಳಗೆ ಬಂದೆ. ಕಳ್ಳನಿಗೂ ಇಷ್ಟು ಚೆನ್ನಾಗಿ ಬರೋಕೆ ಬರಲ್ಲ ಅಂತ ಹೆಮ್ಮೆ. ಬಾಗಿಲು ತೆಗೆದರೆ ಹಾಲ್‌ನಲ್ಲಿ ದೀಪ ಹಾಕದೆ ಅಮ್ಮ ಕೂತಿದ್ದಾಳೆ.

"ಯಾವಾಗ ಬಂದೆ?"

"ಈಗಲೇ. ನೀನ್ಯಾಕೆ ಮಲಗಿಲ್ಲ?"

"ಗಾಡಿ ಸದ್ದೇ ಬರಲಿಲ್ಲವಲ್ಲೋ."

ಆಗ ಗೊತ್ತಾಯ್ತು. ಅಪ್ಪನ ಸೆಕೆಂಡ್ ಶಿಫ್ಟ್ ಕಾಲದಿಂದ ಅಮ್ಮ ಗಾಡಿ ಸದ್ದು ಬೀದಿಗೆ ತಿರುಗೋವರೆಗೆ ಮಲಗಿದವಳೇ ಅಲ್ಲ. ಕಣ್ಣು ಮುಚ್ಚಿರ್ತಿದ್ದಳು, ಅಷ್ಟೇ. ಸದ್ದು ಕೇಳಿದ ಮೇಲೆ ಮಗ್ಗುಲು ತಿರುಗಿ ನಿಜವಾದ ನಿದ್ದೆ. ನಾನು ತಳ್ಳೋಕೆ ಶುರು ಮಾಡಿದ ದಿನದಿಂದ ಬೀದಿ ಮೂಲೆಯ ಸದ್ದು ನಿಂತ ಮೇಲೆ ಅರವತ್ತು ಹೆಜ್ಜೆ ಎಣಿಸ್ತಿದ್ದಳಂತೆ. ಇವತ್ತು ಎಣಿಸೋಕೂ ಏನೂ ಇರಲಿಲ್ಲ. ರಿಂಗ್ ರೋಡು, ಲಾರಿ, ರಾತ್ರಿ ಹೊತ್ತು, ಏನೇನೋ ಯೋಚನೆ ಮಾಡ್ಕೊಂಡು ಕೂತಿದ್ದಳು. ಗೋಡೆಯ ಆ ಕಡೆ ಒಂದು ಮಗು ನನ್ನ ಸದ್ದಿನಿಂದ ಎದ್ದರೆ, ಈ ಕಡೆ ಒಬ್ಬಳು ಅದೇ ಸದ್ದಿನಿಂದ ಮಲಗ್ತಿದ್ದಳು.

ಫೋನ್ ಮಾಡ್ತೀನಿ ಅಂದೆ. ಫೋನ್ ರಿಂಗಾದರೆ ಎದೆ ಧಸಕ್ ಅನ್ನುತ್ತೆ, ಬೇಡ ಅಂದಳು. ಸ್ವಲ್ಪ ಯೋಚಿಸಿ ಅವಳೇ ತೀರ್ಪು ಕೊಟ್ಟಳು. "ತೀರಾ ಆಫ್ ಮಾಡ್ಬೇಡ. ನಮ್ಮ ಮೂಲೆ ತನಕ ಬರಲಿ. ಅಪ್ಪನ ಕಾಲದಲ್ಲೂ ಇಷ್ಟೇ ಸದ್ದು ಇತ್ತು, ನನಗೆ ಕೇಳಿಸ್ತಿತ್ತು. ಆಮೇಲೆ ಬೇಕಾದ್ರೆ ತಳ್ಕೊಂಡು ಬಾ."

ಈಗ ಅದೇ ನಿಯಮ. ಮೂರನೇ ಗೇರಲ್ಲಿ, ಆಕ್ಸಿಲರೇಟರ್ ಏರಿಸದೆ, ಮೂಲೆಯ ದೀಪದ ಕಂಬದವರೆಗೆ. ಅಲ್ಲಿ ಕೀ ತಿರುಗಿಸೋದು. ಅಲ್ಲಿಂದ ಅರವತ್ತು ಹೆಜ್ಜೆ ತಳ್ಳೋದು. ಸದ್ದು ಪೂರ್ತಿ ಕೊಂದು ಹಾಕಬೇಕು ಅಂತ ಹೊರಟಿದ್ದೆ. ಬೇಕಾಗಿದ್ದು ಅದಲ್ಲ, ಬೇಕಾದವರಿಗೆ ಕೇಳಿಸಿ ಬೇಡದವರನ್ನು ಎಬ್ಬಿಸದ ಹಾಗೆ ಅದನ್ನು ಅಳತೆಗೆ ತರೋದು. ಆ ಅಳತೆ ಯಾವ ಆ್ಯಪ್‌ನಲ್ಲೂ ಸಿಗಲಿಲ್ಲ, ಮೇಷ್ಟ್ರು ಒಂದು ತುದಿ ಹೇಳಿದರು, ಅಮ್ಮ ಇನ್ನೊಂದು ತುದಿ.

ಎರಡು ವಾರ ಕಳೆದ ಮೇಲೆ ಮೇಷ್ಟ್ರು ಮತ್ತೆ ಗೇಟಿನ ಹತ್ತಿರ ಸಿಕ್ಕರು. "ಏನಪ್ಪಾ, ಪಾಳಿ ಬದಲಾಯ್ತಾ? ಈಗ ಬರೋದೇ ಗೊತ್ತಾಗಲ್ಲ" ಅಂದ್ರು. ಇಲ್ಲ ಸರ್, ಅದೇ ಪಾಳಿ ಅಂದೆ. ಗಾಡಿಯ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ ನೋಡಿದರು. ಏನೂ ಹೇಳಲಿಲ್ಲ. ಸಂಜೆ ಅವರ ಮನೆಯಿಂದ ಖಾಲಾ ಒಂದು ಡಬ್ಬಿ ಶಾವಿಗೆ ಪಾಯಸ ಕಳಿಸಿದ್ದರು. ಹಬ್ಬ ಏನೂ ಇರಲಿಲ್ಲ.

ಡಬ್ಬಿ ತೊಳೆದು ವಾಪಸ್ ಕೊಡೋಕೆ ಅಮ್ಮ ಸ್ಟೀಲ್ ನಾರು ಹುಡುಕಿದಳು. ಈ ಸಲ ಅದು ಸಿಂಕಿನ ಪಕ್ಕದಲ್ಲೇ ಇತ್ತು.